ಅಂಚಿನಲ್ಲಿದೆ ಕುಲುಮೆಯ ಗುರುತು

ಜಪಾನಿ ಕತ್ತಿಯ ಅಲಗಿಗೂ ಹಿಡಿಗೂ ನಡುವೆ ಕೂರುವ ಲೋಹದ ಬಿಲ್ಲೆಗೆ ತ್ಸುಬಾ ಎನ್ನುತ್ತಾರೆ. ಸಾಮಾನ್ಯವಾಗಿ ಏಳೆಂಟು ಸೆಂಟಿಮೀಟರ್ ಅಗಲ. ನಡುವೆ ಅಲಗಿನ ಬಾಲ ತೂರುವ ಕಂಡಿ. ಇರಿಯುವಾಗ ಕೈ ಮುಂದಕ್ಕೆ ಜಾರಿ ತನ್ನದೇ ಅಲಗಿಗೆ ತಾಗದಂತೆ ಕಾಯುವುದು ಇದರ ಕೆಲಸ.

ಚಿನ್ನ ಬೆಳ್ಳಿ ಕೂರಿಸಿದ ಎಡೊ ಕಾಲದ ತ್ಸುಬಾಗಳಿಗೆ ನೋಡುಗರು ಹೆಚ್ಚು. ತಾಮ್ರಕ್ಕೆ ತುಸು ಚಿನ್ನ ಬೆರೆಸಿ, ರಸಾಯನದಲ್ಲಿ ಬೇಯಿಸಿ ಕಡುಗಪ್ಪು ಬಣ್ಣ ಬರಿಸಿದ 'ಶಕುಡೊ' ಕೂಡ ಚೆಂದವೇ. ಆದರೆ ತಯಾರಾದ ಬಗೆಯನ್ನು ತಾನೇ ಹೇಳಿಕೊಳ್ಳುವುದು ಹಳೆಯ ಸಾದಾ ಕಬ್ಬಿಣದ ತ್ಸುಬಾ. ಅದನ್ನು ಓದಬೇಕಾದ್ದು ಮುಖದಲ್ಲಲ್ಲ, ಅಂಚಿನಲ್ಲಿ.

ಕಬ್ಬಿಣದ ಮರಳನ್ನು ಇದ್ದಿಲಿನೊಂದಿಗೆ 'ತತಾರ' ಕುಲುಮೆಯಲ್ಲಿ ಕಾಯಿಸಿ ತೆಗೆದ ಉಕ್ಕಿನಲ್ಲಿ ಇಂಗಾಲ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಕಮ್ಮಾರ ಅದನ್ನು ಬಡಿದು, ಮಡಚಿ, ಮತ್ತೆ ಬೆಸೆದು ಹದಕ್ಕೆ ತರುತ್ತಾನೆ. ಆದರೂ ಸರಿಯಾಗಿ ತೊಳಸದ ಮುದ್ದೆಯಲ್ಲಿ ಹಿಟ್ಟಿನ ಗಂಟು ಉಳಿದಂತೆ, ಗಟ್ಟಿ ಉಕ್ಕಿನ ಗಂಟುಗಳು ಅಲ್ಲಲ್ಲಿ ಉಳಿಯುತ್ತವೆ. ಅಂಚಿನ ಮೇಲೆ ನುಣುಪಾಗಿ, ಮಿರಮಿರನೆ ಉಬ್ಬಿ ಕಾಣುವ ಇವಕ್ಕೆ ಸಂಗ್ರಾಹಕರು ಇಟ್ಟ ಹೆಸರು 'ತೆಕ್ಕೊತ್ಸು', ಅಂದರೆ ಕಬ್ಬಿಣದ ಮೂಳೆ. ಓವಾರಿ, ಕನಯಾಮ ಶೈಲಿಯ ತ್ಸುಬಾಗಳಲ್ಲಿ ಈ ಕುಂದಿಗೇ ಬೆಲೆ. ಕೆಲವದರಲ್ಲಿ ಮಡಿಕೆಯ ಬೆಸುಗೆ ಬಿಟ್ಟುಕೊಂಡು ಕೂದಲೆಳೆಯಂಥ ಗೆರೆಯೂ ಕಂಡೀತು. ಹಾಗೆಂದು ಗೆರೆ ಕಾಣದ್ದೆಲ್ಲ ಅಚ್ಚಿನಲ್ಲಿ ಎರಕ ಹೊಯ್ದ ನಕಲಿಯಲ್ಲ; ಬೆಸುಗೆ ಚೆನ್ನಾಗಿ ಕೂತಿದ್ದರೆ ಏನೂ ಕಾಣುವುದಿಲ್ಲ. ಅನುಮಾನ ಬಂದರೆ ಜಾಲರಿ ಕೆಲಸದ ಒಳಗೋಡೆಗೆ ಭೂತಗನ್ನಡಿ ಹಿಡಿಯಬೇಕು. ಕೊರೆದು ಉಜ್ಜಿದ್ದಾದರೆ ಅರದ ಗೀರು ಉಳಿದಿರಬಹುದು. ಎರಕದ್ದಾದರೆ ಗುಳ್ಳೆಯೊಡೆದ ಸಣ್ಣ ಗುಳಿಗಳು ಸಿಗಬಹುದು. ಬರೀ ಹೆಸರು ನಂಬಿ ಕೊಳ್ಳುವುದಂತೂ ಬೇಡ. ಹೆಸರಾಂತ ತ್ಸುಬಾ ಕಮ್ಮಾರ ನೊಬುಯಿಯೆಯ ಹೆಸರು ಕೆತ್ತಿದ ನಕಲಿಗಳಿಗೆ ಬರವಿಲ್ಲ.

ಮೇಲಿನ ಕಂದುಗಪ್ಪು ಪದರವೂ ತುಕ್ಕೇ, ಆದರೆ ಬೇಕೆಂದೇ ಬೆಳೆಸಿ ಪಳಗಿಸಿದ ತುಕ್ಕು. ಕೆಂಪು ತುಕ್ಕು ಹತ್ತಿದರೆ ತಿಳಿದವರು ಮೂಳೆ ಅಥವಾ ಕೊಂಬಿನ ಚೂರಿನಿಂದ ತಾಳ್ಮೆಯಿಂದ ಕೆರೆಯುತ್ತಾರೆ. ತಂತಿ ಬ್ರಷ್ಷು, ಆಮ್ಲ ಹಿಡಿದು ಹೊರಟವರು ಶತಮಾನಗಳ ಬಣ್ಣವನ್ನು ಒಂದೇ ಮಧ್ಯಾಹ್ನದಲ್ಲಿ ತೊಳೆದುಬಿಡುತ್ತಾರೆ.

1876ರಲ್ಲಿ ಮೇಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಕಸುಬಿನವರು ಬೇರೆ ದಾರಿ ಹುಡುಕಬೇಕಾಯಿತು. ಹೆಸರಾಂತ ಕೆತ್ತನೆಗಾರ ಕಾನೊ ನತ್ಸುವೊ ಅಷ್ಟರಲ್ಲಾಗಲೇ ಹೊಸ ಸರ್ಕಾರದ ನಾಣ್ಯಗಳ ವಿನ್ಯಾಸಕ್ಕೆ ಕೈಹಾಕಿದ್ದ. ಕತ್ತಿಯಿಂದ ಬೇರ್ಪಟ್ಟ ತ್ಸುಬಾಗಳು ಯುರೋಪು, ಅಮೆರಿಕದ ಸಂಗ್ರಹಗಳನ್ನು ಸೇರಿದವು. ಹಾಗೆ ಬಿಡಿಯಾದ್ದರಿಂದಲೇ ಇಂದು ನಡುಗಂಡಿಯ ಒಳಗೂ ಇಣುಕಬಹುದು. ಅಲ್ಲಿ ತಾಮ್ರದ ತುಂಡು ಬಡಿದು ಸಂದು ಮುಚ್ಚಿದ್ದರೆ, ಆ ತ್ಸುಬಾ ಒಂದಕ್ಕಿಂತ ಹೆಚ್ಚು ಕತ್ತಿಗಳಲ್ಲಿ ಕೂತು ಎದ್ದಿರುವ ಸಾಧ್ಯತೆಯೇ ಹೆಚ್ಚು.