ನಳಿಕೆಯೂ ಬಿರಡೆಯೂ

ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿಮಜ್ಜಿಗೆಯನ್ನಿಟ್ಟರೆ ಅದು ಕಿಲುಬುತ್ತದೆಂಬುದು ನಮ್ಮ ಮನೆಗಳ ಹಿರಿಯರೆಲ್ಲ ಬಲ್ಲ ಸಂಗತಿ. ಪಾತ್ರೆಯು ತನ್ನೊಳಗಿನ ಪದಾರ್ಥಕ್ಕೆ ತನ್ನದನ್ನೂ ಕೊಂಚ ಬೆರೆಸಿಬಿಡುತ್ತದೆ. ಪರೀಕ್ಷೆಗೆಂದು ರಕ್ತ ತುಂಬುವ ಪುಟ್ಟ ನಳಿಕೆಯ ವಿಷಯದಲ್ಲೂ ಇದೇ ಎಚ್ಚರ ಬೇಕೆಂದರೆ ಕೇಳುಗರಿಗೆ ಆಶ್ಚರ್ಯವಾದೀತು.

ನಳಿಕೆಯಿಂದ ಸಕ್ಕರೆ ಒಸರುವುದಿಲ್ಲ, ಲೋಹ ಒಸರಬಲ್ಲದು. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವವೇ ಸೀರಂ. ಅದರ ನೂರು ಮಿಲಿಲೀಟರಿನಲ್ಲಿ ಸತುವಿರುವುದು ಸುಮಾರು 70ರಿಂದ 120 ಮೈಕ್ರೋಗ್ರಾಂ ಮಾತ್ರ. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ನಳಿಕೆಯ ಬಾಯಿಗೆ ಬಿಗಿಯುವ ರಬ್ಬರಿನ ಬಿರಡೆಯನ್ನು ತಯಾರಿಸುವಾಗಲಾದರೋ ಸತುವಿನ ಆಕ್ಸೈಡನ್ನು ಬೆರೆಸುವ ವಾಡಿಕೆಯುಂಟು. ಅದು ರಕ್ತಕ್ಕಿಳಿದರೆ, ಸತುವಿನ ಕೊರತೆಯಿಂದ ಬಳಲುವವನ ವರದಿಯೂ ಎಲ್ಲ ಸರಿಯಾಗಿದೆಯೆಂದೇ ಹೇಳೀತು. ಕ್ರೋಮಿಯಂ ಇನ್ನೂ ಸೂಕ್ಷ್ಮ. ಚುಚ್ಚುವ ಉಕ್ಕಿನ ಸೂಜಿಯೇ ಅದನ್ನು ಸೇರಿಸಬಲ್ಲದು. ಹಿಂದೆ ಸಹಜವೆಂದು ಪ್ರಕಟವಾಗಿದ್ದ ಕ್ರೋಮಿಯಮ್ಮಿನ ಪ್ರಮಾಣಗಳು ಪ್ರಯೋಗಶಾಲೆಗಳ ಶುಚಿತ್ವ ಹೆಚ್ಚಿದಂತೆ ನೂರಾರು ಪಟ್ಟು ಇಳಿದವು. ಮನುಷ್ಯರ ರಕ್ತವೇನೂ ಬದಲಾಗಿರಲಿಲ್ಲ!

ಬಿರಡೆಯು ಬೆರೆಸುವುದಷ್ಟೇ ಅಲ್ಲ, ಮರೆಮಾಚಲೂ ಬಲ್ಲದು. ಲೆಡ್‌ಕೇರ್ ಎಂಬ ಯಂತ್ರಗಳಲ್ಲಿ ತೋಳಿನ ರಕ್ತನಾಳದಿಂದ ತೆಗೆದ ರಕ್ತವನ್ನು ಪರೀಕ್ಷಿಸಿದರೆ ಸೀಸದ ಪ್ರಮಾಣ ಇರುವುದಕ್ಕಿಂತ ಕಡಿಮೆ ಕಾಣಬಹುದೆಂದು 2017ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎಚ್ಚರಿಸಿತು. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಈ ತೊಡಕು ಕಂಡಿರಲಿಲ್ಲ. ಹಾಗಾದರೆ ವ್ಯತ್ಯಾಸವೆಲ್ಲಿ? ಮುಂದಿನ ಶೋಧನೆ ಬೊಟ್ಟು ಮಾಡಿದ್ದು ಬಿರಡೆಯತ್ತ. ರಬ್ಬರಿನಲ್ಲಿದ್ದ ಥೈಯುರಾಮ್ ಎಂಬ ಗಂಧಕಯುಕ್ತ ರಾಸಾಯನಿಕದಿಂದ ಹೊಮ್ಮಿದ ಅನಿಲವು ಖಾಲಿ ನಳಿಕೆಯೊಳಗೆ ಹರಡಿ, ಆಮೇಲೆ ಬಂದ ರಕ್ತದಲ್ಲಿ ಕರಗಿ, ಸೀಸವನ್ನು ಹಿಡಿದಿಟ್ಟುಕೊಳ್ಳುತ್ತಿತ್ತೆಂದು ಊಹಿಸಲಾಯಿತು. ಸೀಸ ಅಲ್ಲಿಯೇ ಇತ್ತು. ಯಂತ್ರದ ಕಣ್ಣಿಗೆ ಬೀಳಲಿಲ್ಲ, ಅಷ್ಟೆ.

ಸೀಸವು ಎಳೆಯ ಮಕ್ಕಳ ಮಿದುಳನ್ನು ಕುಗ್ಗಿಸುವ ವಿಷ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಮಿತಿಯೇ ಅದಕ್ಕಿಲ್ಲ. ಕಡಿಮೆಯೆಂದು ಬರೆದ ವರದಿಯನ್ನು ನೋಡಿ ತಾಯ್ತಂದೆಯರು ನೆಮ್ಮದಿಯಿಂದಿದ್ದರೆ ಮನೆಯ ಗೋಡೆಯ ಹಳೆಯ ಸೀಸದ ಬಣ್ಣವನ್ನು ಕೆರೆಸುವವರು ಯಾರು? ಈ ಬಗೆಯಲ್ಲಿ ಪರೀಕ್ಷೆಗೊಳಗಾಗಿದ್ದ ಆರು ವರ್ಷದೊಳಗಿನ ಮಕ್ಕಳಲ್ಲಿ ಅನೇಕರ ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸಬೇಕೆಂದು ಅಲ್ಲಿನ ಆರೋಗ್ಯಾಧಿಕಾರಿಗಳು ಸೂಚಿಸಬೇಕಾಯಿತು. ಮಗುವಿನ ತೋಳಿಗೆ ಎರಡನೆಯ ಸಲ ಸೂಜಿ!

ಲೇಶಮಾತ್ರದ ಲೋಹಗಳನ್ನು ಅಳೆಯಲೆಂದೇ ಕಡುನೀಲಿ ಮುಚ್ಚಳದ ನಳಿಕೆಗಳು ಬಂದಿವೆ. ಜಾಗರೂಕ ಪ್ರಯೋಗಶಾಲೆಗಳು ಅವನ್ನೂ ಕಣ್ಣುಮುಚ್ಚಿ ನಂಬುವುದಿಲ್ಲ. ಹೊಸದಾಗಿ ಬಂದ ಪೆಟ್ಟಿಗೆಯಿಂದ ಕೆಲವನ್ನಾಯ್ದು, ಶುದ್ಧವಾದ ಆಮ್ಲಜಲವನ್ನು ತುಂಬಿಟ್ಟು, ಆ ಜಲದಲ್ಲಿ ಲೋಹವೆಷ್ಟು ಇಳಿದಿದೆಯೆಂದು ಮೊದಲು ಅಳೆಯುತ್ತವೆ. ರಕ್ತದ ಸರದಿ ಆಮೇಲೆ.