ಡಬ್ಬಿಯಲ್ಲಿಲ್ಲದ ಗುಲಾಬಿ

ವಿನ್ಸೆಂಟ್ ವ್ಯಾನ್ ಗೋ 1888ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಆರ್ಲ್ ಪಟ್ಟಣದ ಬಾಡಿಗೆ ಮನೆಯಲ್ಲಿ ತನ್ನ ಮಲಗುವ ಕೋಣೆಯನ್ನೇ ಚಿತ್ರವಾಗಿ ಬರೆದ. ಇಂದು ಆಮ್‌ಸ್ಟರ್‌ಡ್ಯಾಮಿನ ಮ್ಯೂಸಿಯಮ್ಮಿನಲ್ಲಿ ಅದರ ಮುಂದೆ ನಿಂತವರಿಗೆ ಕಾಣುವುದು ನೀಲಿ ಗೋಡೆ, ನೀಲಿ ಬಾಗಿಲು. ತಮ್ಮ ತಿಯೋಗೆ ಬರೆದ ಪತ್ರದಲ್ಲಿ ಮಾತ್ರ ಆತ ಬೇರೆಯದನ್ನೇ ಹೇಳಿದ್ದಾನೆ: ಗೋಡೆಗಳು ತಿಳಿ ನೇರಳೆ. ನೇರಳೆಯಲ್ಲಿದ್ದ ಕೆಂಪು ಸೋರಿಹೋಗಿ ನೀಲಿಯೊಂದೇ ಉಳಿದಿದೆ. 1890ರ ಮೇ ತಿಂಗಳಲ್ಲಿ ಬರೆದ ಎರಡು ಗುಲಾಬಿ ಹೂದಾನಿಗಳ ಕಥೆಯೂ ಇದೇ. ನ್ಯೂಯಾರ್ಕ್ ಮತ್ತು ವಾಷಿಂಗ್ಟನ್‌ನಲ್ಲಿರುವ ಆ ಚಿತ್ರಗಳ ಹೂಗಳು ಈಗ ಬಹುಪಾಲು ಬಿಳಿ.

ಹೂವಿನ ಚಿತ್ರಗಳಲ್ಲಿ ತಪ್ಪು ಇಯೋಸಿನ್ ಎಂಬ ಕೃತಕ ಬಣ್ಣದಿಂದ ಮಾಡಿದ ಕೆಂಪಿನದು. ಬೆಳಕು ಬಿದ್ದಷ್ಟೂ ಅದರ ಅಣುಗಳು ಒಡೆಯುತ್ತವೆ, ಒಡೆದ ಅಣುವಿಗೆ ಬಣ್ಣವಿಲ್ಲ. ಗಾಢ ಕೆಂಪಿನಲ್ಲಿ ಮೇಲಿನ ಪದರ ಹೋದರೂ ಅಡಿಯಲ್ಲಿ ಇನ್ನಷ್ಟು ಕೆಂಪಿರುತ್ತದೆ. ತಿಳಿಗುಲಾಬಿಗೆ ಆ ದಾಸ್ತಾನಿಲ್ಲ. ಮಲಗುವ ಕೋಣೆಗೆ, ನಡುಮನೆಗೆ ಈಚೆಗೆ ಬಹಳ ಜನ ಬಯಸುವ ನಸುಗುಲಾಬಿ ಪೇಂಟಿನ ಡಬ್ಬಿಯಲ್ಲಿ ಇರುವ ಕೆಂಪು, ಪಾಯಸಕ್ಕೆ ಬಿದ್ದ ಕೇಸರಿ ಎಸಳಿನಷ್ಟು. ಮಿಕ್ಕದ್ದರಲ್ಲಿ ಬಣ್ಣಕ್ಕೆ ಸಂಬಂಧಪಟ್ಟ ಮುಖ್ಯ ವಸ್ತು ಬಿಳಿ.

ಆ ಬಿಳಿ ಟೈಟಾನಿಯಂ ಡಯಾಕ್ಸೈಡ್. 1916ರ ಹೊತ್ತಿಗೆ ನಾರ್ವೆ ಮತ್ತು ಅಮೆರಿಕದಲ್ಲಿ ಕಾರ್ಖಾನೆ ಮಟ್ಟದಲ್ಲಿ ತಯಾರಾಗತೊಡಗಿದ ಈ ಪುಡಿ ಬೆಳಕನ್ನು ಬಲವಾಗಿ ಬಾಗಿಸುತ್ತದೆ. ಅದರ ವಕ್ರೀಭವನ ಸೂಚ್ಯಂಕ ಸುಮಾರು 2.7, ಅದನ್ನು ಹಿಡಿದಿಡುವ ಅಕ್ರಿಲಿಕ್ ಅಂಟಿನದು ಸುಮಾರು 1.5. ಈ ಅಂತರದಿಂದಾಗಿ, ಮೈಕ್ರೋಮೀಟರಿನ ಕಾಲು ಭಾಗದಷ್ಟಿರುವ ಕಣಗಳಿಗೆ ಬಡಿದ ಬೆಳಕು ದಿಕ್ಕಾಪಾಲಾಗಿ ಚದುರಿ ಹೊರಗೆ ಬಂದುಬಿಡುತ್ತದೆ. ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಕಣ ಸಿಕ್ಕಿ ಹಸಿರು, ನೀಲಿ ಬೆಳಕಿನ ಸ್ವಲ್ಪ ಪಾಲನ್ನು ನುಂಗುತ್ತದೆ. ಅಂದರೆ ಗೋಡೆ ಗುಲಾಬಿ ಬೆಳಕನ್ನು ಹುಟ್ಟಿಸುವುದಿಲ್ಲ. ಬಿಳಿ ಬೆಳಕಿನಿಂದ ಒಂದಿಷ್ಟು ಹಸಿರನ್ನು ಕಳೆದು ಹಿಂದಿರುಗಿಸುತ್ತದೆ, ಅಷ್ಟೆ. ಕಾಮನಬಿಲ್ಲಿನ ಪಟ್ಟಿಯಲ್ಲಿ, 400ರಿಂದ 700 ನ್ಯಾನೋಮೀಟರ್‌ಗಳ ನಡುವೆ ಎಲ್ಲಿ ಹುಡುಕಿದರೂ ಗುಲಾಬಿ ಎಂಬ ಒಂದು ತರಂಗಾಂತರ ಸಿಗುವುದಿಲ್ಲ. ಅದನ್ನು ಹುಟ್ಟಿಸುವುದು ಕಣ್ಣು ಮತ್ತು ಮಿದುಳು.

ಕೆಂಪು ಯಾವುದು ಎಂಬುದರ ಮೇಲೆ ಗುಲಾಬಿಯ ಸ್ವಭಾವ ನಿಂತಿದೆ. ದಕ್ಷಿಣದ ಗುಡಿಗಳ ಪ್ರಾಕಾರದ ಮೇಲೆ ಸುಣ್ಣದ ಬಿಳಿ ಪಟ್ಟೆಯ ಪಕ್ಕ ಎಳೆಯುವ ಕೆಮ್ಮಣ್ಣಿನಲ್ಲಿರುವುದು ಕಬ್ಬಿಣದ ಆಕ್ಸೈಡ್. ಅದು ನೀಲಿ, ಹಸಿರನ್ನು ಹಿಡಿದುಕೊಂಡು ಹಳದಿ, ಕಿತ್ತಳೆಯನ್ನು ತಕ್ಕಮಟ್ಟಿಗೆ ಬಿಡುತ್ತದೆ. ಹಾಗಾಗಿ ಅದರಿಂದ ಹುಟ್ಟುವ ಗುಲಾಬಿಗೆ ಮಣ್ಣಿನ ಛಾಯೆ, ಬಿಸಿಲಿನ ಬಿಸುಪು. 1876ರಲ್ಲಿ ವೇಲ್ಸ್ ರಾಜಕುಮಾರನ ಭೇಟಿಗಾಗಿ ಸವಾಯಿ ರಾಮಸಿಂಗ್ ಜೈಪುರಕ್ಕೆ ಬಳಿಸಿದನೆಂದು ಹೇಳುವ ಬಣ್ಣ ಈ ಜಾತಿಯದು. ನೋಡುವವರು ಅದನ್ನು ಗುಲಾಬಿ ನಗರ ಎಂದು ಕರೆದರೂ ಅದು ಹೂವಿಗಿಂತ ಇಟ್ಟಿಗೆಗೆ ಹತ್ತಿರ. 1958ರಲ್ಲಿ ಡ್ಯುಪಾಂಟ್ ಕಂಪನಿ ಮಾರುಕಟ್ಟೆಗೆ ತಂದ ಕ್ವಿನಾಕ್ರಿಡೋನ್ ವರ್ಣಕಗಳ ಕಥೆ ಬೇರೆ. ಅವು ಮುಖ್ಯವಾಗಿ ಹಸಿರನ್ನೇ ನುಂಗಿ ನೀಲಿಯನ್ನು ಒಂದಿಷ್ಟು ಉಳಿಸುವುದರಿಂದ ಗುಲಾಬಿ ತಣ್ಣಗಾಗಿ, ಮಿಠಾಯಿ ಅಂಗಡಿಯ ಕಡೆಗೆ ವಾಲುತ್ತದೆ. ಎರಡೂ ಬಿಸಿಲಿಗೆ ಸುಲಭಕ್ಕೆ ಬಾಗುವುದಿಲ್ಲ, ಕ್ಷಾರಕ್ಕೂ ಹೆದರುವುದಿಲ್ಲ.

ಕ್ಷಾರದ ಮಾತು ಬಂದಿದ್ದು ಸುಮ್ಮನೆ ಅಲ್ಲ. ಹೊಸ ಸಿಮೆಂಟ್ ಗಾರೆಯ ಪಿಎಚ್ 12ರಿಂದ 13ರಷ್ಟಿರುತ್ತದೆ, ಒಳಗಿನ ನೀರು ಹೊರಬರುವಾಗ ಆ ಕ್ಷಾರವನ್ನೂ ಮೇಲಕ್ಕೆ ತರುತ್ತದೆ. ಗೃಹಪ್ರವೇಶದ ಮುಹೂರ್ತಕ್ಕೆ ಹೆದರಿ ಹಸಿ ಗೋಡೆಗೆ ಬಳಿದ ತಿಳಿಬಣ್ಣ ಅಲ್ಲಲ್ಲಿ ಬಿಳಿಚಿಕೊಳ್ಳುವುದು ಇದರಿಂದಲೇ. ಗಾರೆ ಕನಿಷ್ಠ 28 ದಿನವಾದರೂ ಒಣಗಲಿ, ಆಮೇಲೆ ಕ್ಷಾರ ತಡೆಯುವ ಪ್ರೈಮರ್ ಹೊಡೆಯಲಿ ಎಂದು ಅನುಭವಿ ಪೇಂಟರ್‌ಗಳು ಹೇಳುವುದರ ಹಿಂದೆ ಇಷ್ಟು ರಸಾಯನಶಾಸ್ತ್ರವಿದೆ.

ಇಷ್ಟೆಲ್ಲ ಸರಿಯಾದರೂ ಅಂಗಡಿಯ ಶೇಡ್ ಕಾರ್ಡಿನಲ್ಲಿ ಮುದ್ದಾಗಿ ಕಂಡ ಬಣ್ಣ ಮನೆಗೆ ಬಂದಾಗ ಕಣ್ಣಿಗೆ ಹೊಡೆಯುತ್ತದೆ. ಅಂಗಡಿಯವನು ಟಿಂಟಿಂಗ್ ಮೆಷಿನ್ನಿನಲ್ಲಿ ಬಣ್ಣ ಹೆಚ್ಚು ಹಾಕಿಬಿಟ್ಟ ಎಂದು ಮನೆಯವರು ಬೈದುಕೊಳ್ಳುತ್ತಾರೆ. ಲೆಕ್ಕ ನೋಡಿದರೆ ಪಾಪ, ಅವನ ತಪ್ಪು ಕಡಿಮೆ. ಒಂದು ಗೋಡೆ ಕೆಂಪು ಬೆಳಕಿನ ಶೇಕಡಾ 80ನ್ನೂ ಹಸಿರಿನ ಶೇಕಡಾ 66ನ್ನೂ ಹಿಂದಿರುಗಿಸುತ್ತದೆ ಎಂದಿಟ್ಟುಕೊಳ್ಳೋಣ. ಕಾರ್ಡಿನಿಂದ ಬೆಳಕು ಒಮ್ಮೆ ಹಾರಿ ಕಣ್ಣಿಗೆ ಬರುತ್ತದೆ, ಕೆಂಪು ಹಸಿರಿಗಿಂತ ಸುಮಾರು 1.2 ಪಟ್ಟು ಹೆಚ್ಚು. ಕೋಣೆಯಲ್ಲಿ ಹಾಗಲ್ಲ. ಒಂದು ಗೋಡೆಯ ಬೆಳಕು ಎದುರು ಗೋಡೆಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತದೆ. ಎರಡನೆಯ ಬಡಿತಕ್ಕೆ ಕೆಂಪು 64, ಹಸಿರು 44. ಮೂರನೆಯದಕ್ಕೆ 51 ಮತ್ತು 29, ಅಂದರೆ ಅಂತರ ಸುಮಾರು 1.8 ಪಟ್ಟು. ನಾಲ್ಕೂ ಗೋಡೆಗೆ ಒಂದೇ ಬಣ್ಣ ಬಳಿದರೆ ಗೋಡೆಗಳು ಒಂದನ್ನೊಂದು ಗುಲಾಬಿ ಮಾಡುತ್ತವೆ. ಮೂಲೆಗಳಲ್ಲಿ ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಕಾರ್ಡಿನಲ್ಲಿ ಮೆಚ್ಚಿದ್ದಕ್ಕಿಂತ ಒಂದೆರಡು ಮನೆ ತಿಳಿಯಾದದ್ದನ್ನು ಆರಿಸುವುದೋ, ಮೂರು ಗೋಡೆ ಬಿಳಿಯಾಗಿಟ್ಟು ಒಂದಕ್ಕೆ ಮಾತ್ರ ಬಳಿಯುವುದೋ ಜಾಣತನ.

ಇನ್ನು ದೀಪ. ಹಳೆಯ ತಂತಿ ಬಲ್ಬಿನ ಬೆಳಕಿನಲ್ಲಿ ಕೆಂಪು ಯಥೇಚ್ಛವಾಗಿತ್ತು. ಇಂದಿನ ಸಾಮಾನ್ಯ ಎಲ್‌ಇಡಿಯ ಒಳಗಿರುವುದು 450 ನ್ಯಾನೋಮೀಟರ್ ಸುಮಾರಿನ ನೀಲಿ ಚಿಪ್, ಅದರ ಮೇಲೆ ಹಳದಿ ಬೆಳಕು ಕೊಡುವ ಫಾಸ್ಫರ್ ಲೇಪ. ಎರಡೂ ಸೇರಿ ಬಿಳಿ ಎನಿಸಿದರೂ ಅದರಲ್ಲಿ ಗಾಢ ಕೆಂಪಿಗೆ ಬರ. ಬಲ್ಬಿನ ಡಬ್ಬದ ಮೇಲೆ ಅಚ್ಚಾಗುವ, ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆಂದು ಅಳೆಯುವ ಸಿಆರ್‌ಐ ಅಂಕ ಈ ಬಡತನವನ್ನು ಹೇಳುವುದಿಲ್ಲ. ಅದು ಎಂಟು ಮಂದ ಬಣ್ಣಗಳ ಸರಾಸರಿ, ಗಾಢ ಕೆಂಪಿನ ಆರ್9 ಎಂಬ ಅಂಕ ಅದರಲ್ಲಿ ಸೇರಿಲ್ಲ. ಸಿಆರ್‌ಐ 80 ಇದ್ದು ಆರ್9 ಸೊನ್ನೆಯ ಹತ್ತಿರ ಇರುವ ಬಲ್ಬುಗಳು ಧಾರಾಳವಾಗಿವೆ. 6500 ಕೆಲ್ವಿನ್‌ನ ‘ಕೂಲ್ ಡೇಲೈಟ್’ ಟ್ಯೂಬಿನ ಕೆಳಗೆ ನಸುಗುಲಾಬಿ ಗೋಡೆ ಬೂದಿ ಹಿಡಿದಂತೆ, ಜ್ವರದಿಂದ ಎದ್ದವರ ಮುಖದಂತೆ ಕಾಣುವುದು ಆಶ್ಚರ್ಯವಲ್ಲ. 2700–3000 ಕೆಲ್ವಿನ್‌ನ, ಸಿಆರ್‌ಐ 90 ದಾಟಿದ ಬಲ್ಬಿಗೆ ಸ್ವಲ್ಪ ಹೆಚ್ಚು ದುಡ್ಡು ತೆರಬೇಕು, ಆದರೆ ಗೋಡೆಗೆ ಮತ್ತೆ ಪೇಂಟ್ ಹೊಡೆಸುವುದಕ್ಕಿಂತ ಅದು ಅಗ್ಗ.

ಹಗಲಿನ ಬೆಳಕಿನ ಬಗ್ಗೆ ವಿಲಾಯಿತಿ ಪತ್ರಿಕೆಗಳು ಕೊಡುವ ಸಲಹೆ ಇಲ್ಲಿಗೆ ಪೂರ್ತಿ ಒಗ್ಗುವುದಿಲ್ಲ. ಉತ್ತರದ ಕಿಟಕಿಯ ಕೋಣೆಗೆ ನೀಲಿ ಛಾಯೆಯ ತಣ್ಣನೆಯ ಬೆಳಕು, ಆದ್ದರಿಂದ ಅಲ್ಲಿಗೆ ಬೆಚ್ಚನೆಯ ಗುಲಾಬಿ ಎನ್ನುತ್ತವೆ ಅವು. ಲಂಡನ್ನಿನಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುವುದರಿಂದ ಅದು ನಿಜ. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲೊಮ್ಮೆ, ಆಗಸ್ಟ್ 18ರ ಆಸುಪಾಸಿನಲ್ಲೊಮ್ಮೆ ನೆರಳಿಲ್ಲದ ಮಧ್ಯಾಹ್ನ ಬರುತ್ತದೆ. ಇವುಗಳ ನಡುವಿನ ತಿಂಗಳುಗಳಲ್ಲಿ ಸೂರ್ಯ ದಿನವಿಡೀ ಉತ್ತರದ ಕಡೆಗೇ ಇರುತ್ತಾನೆ. ಮೋಡವಿಲ್ಲದಾಗ ಬೆಳಗ್ಗೆ, ಸಂಜೆ ಉತ್ತರದ ಕಿಟಕಿಯಿಂದಲೂ ಓರೆ ಬಿಸಿಲು ಒಳಗೆ ಬರುತ್ತದೆ.

ಹಳೆಯ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲವೂ ಇದ್ದರೆ ಲೆಕ್ಕ ಇನ್ನೂ ತಿರುವು ಪಡೆಯುತ್ತದೆ. ಬಿಸಿಲು ಬಿದ್ದ ಕೆಂಪು ನೆಲ ಗೋಡೆಯ ಕೆಳಭಾಗಕ್ಕೆ ಕೆಂಪನ್ನು ಚೆಲ್ಲುತ್ತದೆ. ಬಿಸಿಲಿಲ್ಲದ ಹೊತ್ತಿನಲ್ಲಿ ಅದೇ ನೆಲದ ಗಾಢ ಕೆಂಪಿನ ಪಕ್ಕ ಗೋಡೆಯ ಗುಲಾಬಿ ಸಪ್ಪೆಯಾಗುತ್ತದೆ. ನೆರೆಯ ಬಣ್ಣ ಬಣ್ಣವನ್ನು ಬದಲಿಸುವ ಈ ಆಟವನ್ನು ಪ್ಯಾರಿಸ್ಸಿನ ಗೋಬೆಲಿನ್ ಕಾರ್ಖಾನೆಯ ಬಣ್ಣಗಾರಿಕೆ ವಿಭಾಗದ ಮುಖ್ಯಸ್ಥ, ರಸಾಯನಶಾಸ್ತ್ರಜ್ಞ ಮಿಶೆಲ್ ಶೆವ್ರಲ್ 1839ರ ತನ್ನ ಪುಸ್ತಕದಲ್ಲಿ ವಿವರವಾಗಿ ಬಿಡಿಸಿಟ್ಟ. ಗುಲಾಬಿ ಗೋಡೆಯ ಮುಂದಿಟ್ಟ ಮನಿ ಪ್ಲಾಂಟು ಇನ್ನಷ್ಟು ಹಸಿರಾಗಿ ಕಾಣುವುದೂ ಇದರಿಂದಲೇ.

ಗುಲಾಬಿ ಗೋಡೆ ಮನಸ್ಸನ್ನು ತಣಿಸುತ್ತದೆ ಎಂದು ಪೇಂಟ್ ಜಾಹೀರಾತುಗಳು ಹೇಳುವಾಗ ಮಾತ್ರ ಒಂದು ಚಿಟಿಕೆ ಅನುಮಾನ ಇರಲಿ. ಈ ನಂಬಿಕೆಯನ್ನು ಹರಡಿದವರು ಅಮೆರಿಕದ ಸಂಶೋಧಕ ಅಲೆಕ್ಸಾಂಡರ್ ಶಾಸ್. 1979ರಲ್ಲಿ ಅವರ ಸಲಹೆಯಂತೆ ಸಿಯಾಟಲ್‌ನ ನೌಕಾಪಡೆಯ ಬಂದೀಖಾನೆಯ ಒಂದು ಕೋಣೆಗೆ ಗಾಢ ಗುಲಾಬಿ ಬಳಿಯಲಾಯಿತು. ಕೈದಿಗಳ ರೋಷ ಇಳಿಯಿತು ಎಂಬ ವರದಿ ಬಂದು, ಅಲ್ಲಿನ ಇಬ್ಬರು ಅಧಿಕಾರಿಗಳ ಹೆಸರಿನಲ್ಲಿ ಬಣ್ಣಕ್ಕೆ ‘ಬೇಕರ್–ಮಿಲ್ಲರ್ ಗುಲಾಬಿ’ ಎಂಬ ಹೆಸರೂ ಬಿತ್ತು. ಆದರೆ ಸ್ವಿಟ್ಜರ್ಲೆಂಡಿನ ಸೆರೆಮನೆಯೊಂದರಲ್ಲಿ ಬಿಳಿ ಕೋಣೆ, ಗುಲಾಬಿ ಕೋಣೆ ಎರಡನ್ನೂ ಹೋಲಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಕೈದಿಗಳ ಆಕ್ರಮಣಶೀಲತೆಯಲ್ಲಿ ವ್ಯತ್ಯಾಸ ಸಿಗಲಿಲ್ಲ.

ಅಮೆರಿಕದ ಐಯೋವಾ ವಿಶ್ವವಿದ್ಯಾಲಯದವರು ಇಂಥ ಫಲಿತಾಂಶಕ್ಕೆ ಕಾಯುವ ಪೈಕಿಯಲ್ಲ. ಮನಶ್ಶಾಸ್ತ್ರ ಓದಿದ್ದ ಅವರ ಫುಟ್‌ಬಾಲ್ ಕೋಚ್ ಹೇಡನ್ ಫ್ರೈ, ಎದುರಾಳಿ ತಂಡ ಬಟ್ಟೆ ಬದಲಿಸುವ ಕೋಣೆಗೆ ಗುಲಾಬಿ ಬಳಿಸಿದ್ದರು. 2005ರ ನವೀಕರಣದಲ್ಲಿ ಗೋಡೆಗಳ ಜೊತೆಗೆ ಲಾಕರ್, ಸಿಂಕು, ಮೂತ್ರದ ಬೇಸಿನ್ನುಗಳನ್ನೂ ಗುಲಾಬಿಯವೇ ಕೂರಿಸಿದರು.