‘ಇಲ್ಲದಿದ್ದರೆ’ಗಳ ಗೋಜಲೂ ಮಾದರಿ ಹೊಂದಾಣಿಕೆಯೂ

ಪರೀಕ್ಷೆಯ ಫಲಿತಾಂಶವನ್ನು ತೋರಿಸುವ ವೆಬ್ ಪುಟವನ್ನು ವಾಚಕರೆಲ್ಲರೂ ಬಲ್ಲರು. ನೋಂದಣಿ ಸಂಖ್ಯೆಯನ್ನು ಬರೆದು ಗುಂಡಿಯನ್ನೊತ್ತಿದಾಗ ಒಮ್ಮೊಮ್ಮೆ ಅಂಕಗಳೂ ಇಲ್ಲದೆ, ತಪ್ಪಿನ ಸೂಚನೆಯೂ ಇಲ್ಲದೆ ಬರಿಯ ಬಿಳಿಯ ಹಾಳೆ ಎದುರಿಗೆ ನಿಲ್ಲುವುದುಂಟು. ಇದಕ್ಕೆ ಯಂತ್ರದ ದೋಷವೇ ಕಾರಣವಾಗಬೇಕಿಲ್ಲ. ಪ್ರೋಗ್ರಾಮನ್ನು ಬರೆದವರು ಒಂದು ಸಂದರ್ಭವನ್ನು ಮರೆತಿರಲೂಬಹುದು.

ಆ ಮರೆವು ಹೇಗೆ ಉಂಟಾಗುತ್ತದೆಂಬುದನ್ನು ನಾವು ನೋಡೋಣ. ಪುಟದ ಸ್ಥಿತಿಯನ್ನು ತಿಳಿಯಲು ಮೂರು ಪ್ರಶ್ನೆಗಳನ್ನು ಇಟ್ಟುಕೊಂಡೆವೆನ್ನಿ: ಉತ್ತರಕ್ಕಾಗಿ ಕಾಯುತ್ತಿದ್ದೇವೆಯೆ? ಅಂಕಗಳು ಬಂದಿವೆಯೆ? ಪ್ರಯತ್ನ ವಿಫಲವಾಗಿದೆಯೆ? ಪ್ರತಿಯೊಂದಕ್ಕೂ ಹೌದು, ಇಲ್ಲ ಎಂಬ ಎರಡೇ ಉತ್ತರ. ಲಘು ಗುರುಗಳನ್ನು ಮೂರು ಸ್ಥಾನಗಳಲ್ಲಿ ಇರಿಸಿದಾಗ ಎಂಟು ಅಕ್ಷರಗಣಗಳು ದೊರೆಯುವಂತೆ ಇಲ್ಲಿಯೂ 2 × 2 × 2 = 8 ಸಂಯೋಗಗಳು ಉಂಟಾಗುತ್ತವೆ. ಆದರೆ ಪುಟಕ್ಕೆ ನಿಜವಾಗಿ ಇರುವ ಸ್ಥಿತಿಗಳು ನಾಲ್ಕೇ: ಇನ್ನೂ ಕೇಳಿಲ್ಲ, ಕಾಯುತ್ತಿದೆ, ಬಂದಿದೆ, ವಿಫಲವಾಗಿದೆ. ಉಳಿದ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ‘ಹೌದು’ಗಳು ಒಟ್ಟಿಗೆ ಬರುವುದರಿಂದ ಅವು ನಿರರ್ಥಕ. ‘ಹೀಗಾದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎಂದು ಒಂದರೊಳಗೊಂದು ಹೆಣೆದ ಷರತ್ತುಗಳಲ್ಲಿ ಇವೆಲ್ಲವೂ ಬೆರೆತುಹೋಗುತ್ತವೆ.

ಛಂದಸ್ಸನ್ನು ಬಲ್ಲ ವಿದ್ಯಾರ್ಥಿ ಗಣವನ್ನು ಗುರುತಿಸುವ ಬಗೆ ಬೇರೆ. ಒಂದು ಲಘು, ಎರಡು ಗುರು ಕಂಡೊಡನೆ ಅವನು ಯಗಣವೆಂದುಬಿಡುತ್ತಾನೆ. ಇಡಿಯ ಆಕಾರವೇ ಅವನಿಗೆ ಗುರುತು. ಪ್ರೋಗ್ರಾಮಿನಲ್ಲಿ ಈ ಉಪಾಯಕ್ಕೆ ಮಾದರಿ ಹೊಂದಾಣಿಕೆಯೆಂದು ಹೆಸರು. ನಾಲ್ಕು ಸ್ಥಿತಿಗಳಿಗೂ ಹೆಸರಿಟ್ಟು, ಒಂದೊಂದರ ಎದುರಿಗೂ ಮಾಡಬೇಕಾದ ಕೆಲಸವನ್ನು ಬರೆಯುತ್ತೇವೆ. ‘ಬಂದಿದೆ’ ಎಂಬ ಮಾದರಿ ಅಂಕಗಳನ್ನೂ, ‘ವಿಫಲವಾಗಿದೆ’ ಎಂಬುದು ಅದರ ಕಾರಣವನ್ನೂ ತನ್ನೊಳಗೇ ಹೊತ್ತಿರುತ್ತವೆ. ಆದುದರಿಂದ ಇಲ್ಲದ ಅಂಕಗಳನ್ನು ತೋರಿಸಹೋಗುವ ಪ್ರಸಂಗವೇ ಬರುವುದಿಲ್ಲ.

ಈ ಕಲ್ಪನೆ ಹೊಸದಲ್ಲ. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ರಾಡ್ ಬರ್ಸ್ಟಾಲರೂ ಅವರ ಸಂಗಡಿಗರೂ ರೂಪಿಸಿ 1980ರಲ್ಲಿ ಪ್ರಕಟಪಡಿಸಿದ ಹೋಪ್ ಭಾಷೆಯಲ್ಲಿಯೇ ಇದು ಇತ್ತು. ವೆಬ್ ಪುಟಗಳಿಗಾಗಿ 2012ರಲ್ಲಿ ಹುಟ್ಟಿದ ಎಲ್ಮ್ ಭಾಷೆಯಲ್ಲಿ ಒಂದು ಸ್ಥಿತಿಯನ್ನು ಮರೆತರೆ ಕಂಪೈಲರು ಪ್ರೋಗ್ರಾಮನ್ನು ಅಂಗೀಕರಿಸುವುದೇ ಇಲ್ಲ. ಬಿಟ್ಟುಹೋದುದು ಯಾವುದೆಂದೂ ತಿಳಿಸುತ್ತದೆ. ಪೈಥಾನ್ 2021ರಲ್ಲಿ ಮಾದರಿ ಹೊಂದಾಣಿಕೆಯನ್ನು ಅಳವಡಿಸಿಕೊಂಡಿತಾದರೂ ಮರೆತುದನ್ನು ಅದು ತಾನಾಗಿ ಎತ್ತಿ ತೋರಿಸದು.

ಈ ಕಾವಲನ್ನು ನಾವೇ ಕೆಡಿಸಿಕೊಳ್ಳಲೂ ಸಾಧ್ಯ. ‘ಮಿಕ್ಕುದಕ್ಕೆಲ್ಲ ಇದು’ ಎಂಬ ಕೊನೆಯ ಸಾಲೊಂದನ್ನು ಬರೆದೆವೆನ್ನಿ. ನಾಳೆ ‘ಫಲಿತಾಂಶವನ್ನು ತಡೆಹಿಡಿಯಲಾಗಿದೆ’ ಎಂಬ ಐದನೆಯ ಸ್ಥಿತಿ ಸೇರಿದರೆ ಕಂಪೈಲರು ಮೌನವಾಗಿರುತ್ತದೆ; ಆ ಅಭ್ಯರ್ಥಿಗೆ ತನ್ನದಲ್ಲದ ಉತ್ತರವೇ ಕಾಣುತ್ತದೆ. ಆದುದರಿಂದ ಪ್ರತಿಯೊಂದು ಸ್ಥಿತಿಯನ್ನೂ ಹೆಸರು ಹಿಡಿದು ಬರೆಯುವುದೇ ಲೇಸು.